ಸಿಪ್ರಿಯನ್ ಕಾಗದ ಬರೆದರು

ಬೇಕರಿಯ ಸಿಪ್ರಿಯನ್, ನಲವತ್ತರ ಬ್ರಹ್ಮಚಾರಿ, ಇಗರ್ಜಿಯ ಭಾನುವಾರದ ತರಗತಿಯಲ್ಲಿ ಕನ್ನಡ ಬರೆಯಲು ಕಲಿತ. ಬರೆದ ಮೊದಲ ಕಾಗದವನ್ನು ಕಲಿಸಿದ, ಇನ್ನೂ ಮದುವೆಯಾಗದ ಸೆವ್ರಿನ್ ಟೀಚರಮ್ಮನ ಹಾಜರಿ ಪುಸ್ತಕದೊಳಗೇ ಗುಟ್ಟಾಗಿ ಇಟ್ಟ. ಇಟ್ಟ ಮರುಕ್ಷಣ ಧೈರ್ಯ ಕೈಕೊಟ್ಟಿತು. ಹಿತ್ತಿಲ ಹಲಸಿನ ಮರದ ಮರೆಯಲ್ಲಿ ಅರ್ಧ ಗಂಟೆ ನಿಂತು, ಕೊನೆಗೆ ಬೆವರುತ್ತ ತರಗತಿಗೆ ಬಂದ.

ಕರಿಹಲಗೆಯ ಮೇಲೆ ಮೂರು ವಾಕ್ಯಗಳಿದ್ದವು. ಅಕ್ಷರ ಕೂಡಿಸಿ ಕೂಡಿಸಿ ಓದಿದ.

‘ಸಿಪ್ರಿಯನ್ ಕಾಗದ ಬರೆದರು.’

‘ಸಿಪ್ರಿಯನ್ ಅಡಗಿ ಕುಳಿತರು.’

‘ಸಿಪ್ರಿಯನ್ನರ ತಲೆ ಕಡಿದರು.’

ಅವನು ಕೈ ಮುಗಿದ. “ಟೀಚರ್, ತಪ್ಪಾಯ್ತು! ಕಾಗದ ಬರ್ದದ್ದು ಹೌದು. ಅದಕ್ಕೆ ತಲೆ ಕಡಿಯುವುದು ಎಂತಕ್ಕೆ? ಮನಸ್ಸಿಲ್ಲದಿದ್ರೆ ಇಲ್ಲ ಅಂದ್ರೆ ಸಾಕಲ್ಲ?”

ಹಿಂದಿನ ಬೆಂಚಿನ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಅದು ನೀವಲ್ಲ ಮಾರಾಯ್ರೆ!” ಎಂದರು ಟೀಚರ್. “ಸಾವಿರದ ಏಳ್ನೂರು ವರ್ಷದ ಹಿಂದಿನ ಸಂತ ಸಿಪ್ರಿಯನ್, ದೊಡ್ಡ ಲೇಖಕರು. ರಾಜನ ಕಾಟಕ್ಕೆ ಅಡಗಿದ್ದು, ಕೊನೆಗೆ ತಲೆ ಹೋದದ್ದು ಎಲ್ಲ ಅವರದ್ದು. ಅವರ ಹೆಸರು ಹಾಕಿ ವಾಕ್ಯ ಮಾಡ್ಲಿಕ್ಕೆ ಹೇಳಿದ್ದೆ. ಅದಿರ್ಲಿ, ನೀವು ಎಂತ ಕಾಗದ ಬರ್ದದ್ದು?”

ಅವನ ಕಣ್ಣು ಹಾಜರಿ ಪುಸ್ತಕದ ಕಡೆ ಹೋಯಿತು. ಟೀಚರ್ ಪುಸ್ತಕ ತೆರೆದರು, ಕಾಗದ ಬಿಡಿಸಿದರು, ಎರಡು ಸಲ ಓದಿದರು.

ಆಮೇಲೆ ಅವರು ಸೀಮೆಸುಣ್ಣ ಎತ್ತಿಕೊಂಡು, ಹಲಗೆಗೆ ತಿರುಗಿ, ನಾಲ್ಕನೆಯ ವಾಕ್ಯ ಬರೆದರು:

‘ಸಿಪ್ರಿಯನ್ ನಾಳೆಯೇ ನಮ್ಮ ಮನೆಗೆ ಬಂದು ಅಪ್ಪನ ಹತ್ತಿರ ಹೆಣ್ಣು ಕೇಳಲಿ.’