ಬಟ್ಟೆ ಅಂಗಡಿ ಮುಂದಿನ ಹೊಂಗೆ

ಕೆರೆಯಿಂದ ಶಾಲೆಯವರೆಗೂ ಮಕ್ಕಳು ನೆರಳಲ್ಲೇ ಸೈಕಲ್ ತುಳಿದು ಬರಲಿ ಎಂದು ಟೀಚರಮ್ಮ ಹಠ ಹಿಡಿದು ದಾರಿಯುದ್ದಕ್ಕೂ ಹೊಂಗೆ ನೆಡಿಸಿದ್ದರು. ಬಟ್ಟೆ ಅಂಗಡಿಯ ಮುಂದೆ ಮಾತ್ರ ಸಾಲು ತುಂಡಾಗಿತ್ತು. ಅಲ್ಲಿ ನೆಟ್ಟಿದ್ದನ್ನೆಲ್ಲ ಮಾಲೀಕ ಕಿತ್ತೆಸೆಯುತ್ತಿದ್ದ.

"ಗಿರಾಕಿಗಳು ಕಾರು ಎಲ್ಲಿ ನಿಲ್ಲಿಸ್ಬೇಕು ಮೇಡಂ? ಎಷ್ಟ್ ಸಲ ನೆಟ್ರೂ ಕೀಳ್ತೀನಿ."

"ನೀವು ಕಿತ್ತಷ್ಟು ಸಲ ನಾನೂ ನೆಡ್ತೀನಿ."

"ಯಾರು ಬಂದು ತಡೀತಾರೋ ನೋಡೇ ಬಿಡ್ತೀನಿ!"

ನವೆಂಬರ್ ಒಂದರ ಬೆಳಿಗ್ಗೆ ಅಂಗಡಿ ಮುಂದೆ ಮತ್ತೆ ಸಸಿ. ಕಂಡದ್ದೇ ತಡ, ಅವನು ಬಗ್ಗಿ ಬುಡಕ್ಕೆ ಕೈ ಹಾಕಿದ. ಎದುರಿನ ಸ್ಟ್ಯಾಂಡಿನ ಆಟೋದವರೆಲ್ಲ ಒಬ್ಬೊಬ್ಬರಾಗಿ ಇಳಿದು ನಿಂತರು.

"ಕೀಳಿ, ನಾನಂತೂ ತಡೆಯಲ್ಲ," ಎಂದರು ಟೀಚರಮ್ಮ. "ಒಂದ್ಸಲ ಮೇಲೆ ನೋಡ್ಬಿಟ್ಟು ಕೀಳಿ."

ಸಸಿಗೆ ಆಸರೆಯಾಗಿ ನೆಟ್ಟಿದ್ದ ಗಳುವಿನ ತುದಿಯಲ್ಲಿ ಕನ್ನಡ ಬಾವುಟ ಪಟಪಟನೆ ಹಾರುತ್ತಿತ್ತು.