ಹಿಮನದಿಗೆ ಹೊರಟ ಮೊಣಕಾಲು

ಹೆಪ್ಪಿಗೆ ಮಜ್ಜಿಗೆ ಕೇಳಿದಷ್ಟು ಸಲೀಸಾಗಿ ಜನ ಕಣ್ಣು, ಕಿವಿ, ಕೈಕಾಲುಗಳನ್ನು ಕಡ ಕೇಳುತ್ತಿದ್ದ ಕಾಲವದು. ಆದರೂ ಧಾರವಾಡದ ಚಂದ್ರವ್ವನಿಗೆ ಸೊಸೆಯನ್ನು ಕೇಳಲು ನಾಲಗೆ ಏಳುತ್ತಿರಲಿಲ್ಲ. ಮೇಜಿನ ಮೇಲೆ ಹಿಮಾಲಯದ ಪಿಂಡಾರಿ ಹಿಮನದಿಯ ನಕ್ಷೆ ಹರಡಿತ್ತು. ದಾಟಬೇಕಾದ ಕಣಿವೆಗಳಿಗೆಲ್ಲ ಅವಳು ಕುಂಕುಮದ ಚುಕ್ಕೆ ಇಟ್ಟಿದ್ದಳು. ತನ್ನ ನೋಯುವ ಮೊಣಕಾಲಿನಲ್ಲಿ ಮೊದಲ ಚುಕ್ಕೆಯನ್ನೂ ಮುಟ್ಟಲಾರಳು. ಕೊನೆಗೆ ಕೇಳಿಯೇಬಿಟ್ಟಳು.

"ಸುಮಂಗಲಾ, ಹದಿನೈದು ದಿನ ನಿನ್ನ ಮೊಣಕಾಲು ಕೊಡ್ತೀಯೇನವಾ? ನನ್ನ ಮೊಣಕಾಲು ನೀ ಹಾಕ್ಕೊಂಡಿರು."

ಸೊಸೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಅವನ್ನ ಹಾಕ್ಕೊಂಡ್ರ ಒಲಿ ಮುಂದ ನಿಂದ್ರಾಕ ಆಗೂದಿಲ್ಲಲ್ರೀ ಅತ್ತಿ?"

"ಆಗೂದಿಲ್ಲವಾ." ಚಂದ್ರವ್ವ ಮೆಲ್ಲಗೆ ನಕ್ಷೆ ಮಡಚತೊಡಗಿದಳು.

ಸುಮಂಗಲಾಳ ಕಣ್ಣು ಪತ್ರಿಕೆ ಓದುತ್ತಿದ್ದ ಗಂಡನತ್ತ ಹೊರಳಿತು, ಮುಖ ಅರಳಿತು. "ಹಂಗಾರ ಒಂದ ತಿಂಗಳ ಇಟ್ಕೋರಿ ಅತ್ತಿ! ಏನ್ರೀ, ಬರ್ರಿಲ್ಲೆ, ರೊಟ್ಟಿ ಬಡಿಯೂದು ಕಲೀರಿ!"

ಚಂದ್ರವ್ವ ನಕ್ಷೆಯನ್ನು ಮತ್ತೆ ಬಿಡಿಸಿ, ಆಚೆಯ ಕಣಿವೆಗೂ ಒಂದು ಚುಕ್ಕೆ ಇಟ್ಟಳು.