ಆನೆ ಕೊಟ್ಟು ಕುದುರೆ

ರಾಜ್ಯ ಚದುರಂಗ ತಂಡದ ಆಯ್ಕೆ ಪಂದ್ಯದಲ್ಲಿ ಹತ್ತೊಂಬತ್ತು ವರ್ಷದ ಕಾತ್ಯಾಯಿನಿ ತನ್ನ ಆನೆಯನ್ನು ಬಲಿಗೊಟ್ಟು, ಅದಕ್ಕಿಂತ ಕಡಿಮೆ ಬೆಲೆಯ ಎದುರಾಳಿಯ ಕುದುರೆಯನ್ನು ಹೊಡೆದಳು. ರಾಜನಿಗೆ ಚೆಕ್ ಬೀಳಲಿಲ್ಲ, ಬೇರೆ ಲಾಭವೂ ಕಾಣಲಿಲ್ಲ. ನೋಡುತ್ತಿದ್ದವರು ನಕ್ಕರು. ಮೂವತ್ತು ನಡೆಗಳ ನಂತರ ಎದುರಾಳಿ ಸೋಲೊಪ್ಪಿಕೊಂಡ.

ಆದರೂ ತಂಡದ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಅವಳು ನೇರವಾಗಿ ಆಯ್ಕೆಗಾರ ನರಹರಿಯವರ ಕೋಣೆಯ ಬಾಗಿಲಿಗೇ ಹೋಗಿ ಕೇಳಿದಳು.

"ಕಾಯಿಯ ಬೆಲೆ ಗೊತ್ತಿಲ್ದೆ ಆನೆ ಕೊಡೋರನ್ನ ತಂಡಕ್ಕೆ ಹೇಗಮ್ಮ ತಗೊಳ್ಳೋದು? ನೀನು ಗೆದ್ದಿದ್ದು ಅದೃಷ್ಟ" ಎಂದರು ನರಹರಿ.

"ಗೊತ್ತಿದ್ದೇ ಕೊಟ್ಟೆ ಸರ್. ಆ ಕುದುರೆ ಹೋದ್ರೆ ಅವನ ಕಾಯಿಗಳಿಗೆ ಮಿಸುಕೋಕೂ ಜಾಗ ಇರಲ್ಲ. ಬೋರ್ಡ್ ಕೊಡಿ, ತೋರಿಸ್ತೀನಿ."

"ನಂಗೇ ಆಟ ಹೇಳ್ಕೊಡ್ತೀಯಾ?" ಎಂದು ಅವರು ಬಾಗಿಲು ಹಾಕಿಕೊಂಡರು.

ಮೂವತ್ತೆಂಟು ವರ್ಷಗಳ ಮೇಲೆ, ಅಂದು ಆ ಆಯ್ಕೆ ನಡೆಸಿದ್ದ ಚದುರಂಗ ಸಂಘವೇ ಕಾತ್ಯಾಯಿನಿಯನ್ನು ಸನ್ಮಾನಕ್ಕೆ ಕರೆಯಿತು. ವೇದಿಕೆಯ ಮೇಜಿನ ಮೇಲಿದ್ದ ಕಂಪ್ಯೂಟರಿನಲ್ಲಿ ಆ ಹಳೆಯ ಆಟ ತೆರೆದಿತ್ತು. ಈಗ ಸಂಘದ ಅಧ್ಯಕ್ಷರಾಗಿದ್ದ ನರಹರಿ ಮೈಕಿನ ಮುಂದೆ ನಿಂತು ಕಂಪ್ಯೂಟರಿನತ್ತ ಕೈ ತೋರಿದರು.

"ಅಲ್ಲಿ ಆನೆ ಕೊಡೋದೇ ಅತ್ಯುತ್ತಮ ನಡೆಯಂತೆ! ಆಮೇಲೆ ಎದುರಾಳಿಯ ಕಾಯಿಗಳಿಗೆ ಮಿಸುಕೋಕೂ ಜಾಗ ಇರಲ್ಲವಂತೆ! ಕಂಪ್ಯೂಟರ್ ಹೇಳೋವರೆಗೂ ಇದು ನಮಗ್ಯಾರಿಗೂ ತಿಳೀಲಿಲ್ಲ ನೋಡಿ."

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನರಹರಿ ರೇಷ್ಮೆ ಶಾಲು ಹಿಡಿದು ಅವಳ ಬಳಿ ಬಂದರು.

ಕಾತ್ಯಾಯಿನಿ ಅದನ್ನು ಅವರ ಕೈಯಿಂದ ತೆಗೆದುಕೊಂಡು, ಮಡಿಕೆ ಬಿಡಿಸಿ, ಕಂಪ್ಯೂಟರಿಗೆ ಹೊದಿಸಿದಳು.